ಅತ್ತೆ ಬಿಡಿಸಿದ ಮೂರು ಜಾತಿಯ ಮೀನು

ನಮ್ಮತ್ತೆಯ ಮೊಳಕೈತನಕ ಮೀನಿನ ಹುರುಪೆ ಅಂಟಿರುತ್ತಿತ್ತು. ತಿಕ್ಕಿ ಜಳಕ ಮಾಡಿ ಬಂದರೂ ಒಂದೆರಡು ಮಿನುಗುತ್ತಿದ್ದವು. ಸುರಪುರದ ಸಂತೆಯಲ್ಲಿ ಮೀನು ಸೀಳಿ ಮಾರುತ್ತ ಮಕ್ಕಳನ್ನು ಬೆಳೆಸಿದವರು ಅವರು. ಯಾವ ಮೀನಿನ ಹೊಟ್ಟೆಯಲ್ಲಿ ಏನಿತ್ತು ಎಂಬುದನ್ನು ನಾವು ಊಟಕ್ಕೆ ಕೂತಾಗಲೇ ಹೇಳುವ ಚಟ. ಬೇಡವೆಂದರೂ ಬಿಡುತ್ತಿರಲಿಲ್ಲ.

ಕಾಲುವೆ ಬಂದ ಮೇಲೆ ಕಕ್ಕೇರಾ ಕಡೆಯ ನಮ್ಮೂರ ಕೆರೆ ಬೇಸಿಗೆಯಲ್ಲೂ ಬತ್ತಲಿಲ್ಲ. ಊರ ಮೀನುಗಾರರ ಸಂಘ ಅದನ್ನು ಗುತ್ತಿಗೆ ಹಿಡಿಯಿತು; ಅತ್ತೆಯೂ ಸಂಘದಲ್ಲಿದ್ದರು. ಅತ್ತೆಯ ಮೈದುನ, ನನಗೆ ಸಣ್ಣ ಮಾವ, ಬರೀ ಕಾಟ್ಲಾ ಮೀನಿನ ಮರಿ ಬಿಡೋಣವೆಂದರು. ಕಾಟ್ಲಾ, ರೋಹು, ಮೃಗಾಲ್ ಮೂರೂ ಬೇಕೆಂದು ಅತ್ತೆ ಹಟ ಹಿಡಿದರು.

“ಎಲ್ಲಾ ಒಂದ ಕುಲದ ಮೀನಾ ಅವ, ವೈನಿ. ಒಂದರ ಕೂಳ ಒಂದು ಕಸಗೊಂಡು ಸಾಯ್ತಾವ,” ಎಂದರು ಮಾವ.

“ಅವುಗಳ ಬಾಯಿ ನೋಡಪ್ಪ. ಕಾಟ್ಲಾದ್ದು ಮ್ಯಾಲಕ್ಕ ಅದ, ನೀರಿನ ಮ್ಯಾಲಿಂದು ತಿಂತದ. ಮೃಗಾಲದ್ದು ಕೆಳಕ್ಕ, ಕೆಸರಾಗಿಂದು ತಿಂತದ. ರೋಹು ನಡುವ. ಒಬ್ಬರ ತಾಟಿಗೆ ಒಬ್ಬರು ಕೈ ಹಾಕಂಗಿಲ್ಲ. ನಮ್ಮ ಮನಿ ಮಂದಿಗಿಂತ ಶಾಣ್ಯಾ ಅದಾವ!”

ಸಂಘ ಒಪ್ಪಿತು. ಆದರೆ ಮೂರೂ ಬೆಳೆದು ಬರದಿದ್ದರೆ ಮುಂದಿನ ಸಲ ಕೆರೆಯನ್ನು ಹೊರಗಿನ ಗುತ್ತಿಗೆದಾರನಿಗೆ ಬಿಟ್ಟುಕೊಡುವುದೆಂದು ಮಾತಾಯಿತು.

ಬಲೆ ಎಳೆದ ದಿನ ಊರೇ ದಂಡೆಯ ಮೇಲಿತ್ತು. ಕಾಟ್ಲಾ ಬಂತು, ರೋಹು ಬಂತು. ಮತ್ತೊಮ್ಮೆ ಎಳೆದರೂ ಮೃಗಾಲ್ ಒಂದೂ ಇಲ್ಲ. “ಉಪವಾಸ ಸತ್ತಾವ,” ಎಂದು ಮಾವ ಬಲೆ ಬಿಟ್ಟು ದಡಕ್ಕೆ ಬಂದರು. ಕೆರೆ ಕೈತಪ್ಪಿತೆಂದು ನನಗೆ ಅಳುವೇ ಬಂತು.

ಅತ್ತೆ ಕಚ್ಚೆ ಹಾಕಿ ನೀರಿಗಿಳಿದರು. “ಬಲಿ ತಳಾ ಮುಟ್ಟಾಕತ್ತಿಲ್ಲೋ! ಕೆಳಗಿನ ಹಗ್ಗಕ್ಕ ಕಲ್ಲ ಕಟ್ಟ್ರಿ. ಕೆಸರಾಗ ಉಣ್ಣೋದು ಮ್ಯಾಲ ಯಾಕ ಬರ್ತದ?”

ಕೃಷ್ಣೆಯ ಬಂಡೆಗೆ ಸಿಕ್ಕಿಕೊಳ್ಳದಿರಲೆಂದು ಕೆಳಹಗ್ಗವನ್ನು ಹಗುರ ಇಡುವುದು ನಮ್ಮವರ ರೂಢಿ. ಹೊಳೆಯ ಆ ಬಲೆಯನ್ನೇ ಕೆರೆಗೂ ತಂದಿದ್ದರು. ಕಲ್ಲು ಕಟ್ಟಿ ಎಳೆದಾಗ ಬಲೆ ಜಗ್ಗಲೇ ಇಲ್ಲ. ಮಾವನೂ ಓಡಿಹೋಗಿ ಹಗ್ಗ ಹಿಡಿದರು. ಕರಿ ಕೆಸರಿನೊಳಗೆ ಮೃಗಾಲ್‌ಗಳು ದಪದಪ ಬಡಿದುಕೊಳ್ಳುತ್ತ ಮೇಲೆ ಬಂದವು.

ಮಾವ ಒಂದನ್ನು ಎತ್ತಿ ಹೊರಳಿಸಿ ನೋಡಿದರು. “ವೈನಿ, ಇದರ ಬಾಯಿ ಖರೇನ ಕೆಳಗ ಅದ.”

“ನಿಂದಷ್ಟು ಮುಚ್ಚು ಈಗ,” ಎಂದು ಅತ್ತೆ ನಕ್ಕರು. ಅಂಥ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ಅವತ್ತು ನನಗಾದ ಹೆಮ್ಮೆ ಇನ್ನೂ ಇಳಿದಿಲ್ಲ.

ಅತ್ತೆ ಈಗಿಲ್ಲ. ಸಂಘದಲ್ಲಿ ಅವರ ಜಾಗದಲ್ಲಿ ನನ್ನನ್ನು ಕೂರಿಸಿದವರು ಸಣ್ಣ ಮಾವನೇ. ಗುತ್ತಿಗೆದಾರರು ಇಂದಿಗೂ ಬಂದು, “ಯಾರ ಕೆರಿರೀ ಇದು?” ಎಂದು ಕೇಳುತ್ತಾರೆ.

“ನಮ್ಮತ್ತೀದು,” ಎನ್ನುತ್ತೇನೆ.