ಮೈಲಾರಲಿಂಗ ಪಾಸು ಮಾಡಿದ ಬಟ್ಟೆ

ವಿಜ್ಞಾನಕ್ಕೆ ದೇವರ ಹಂಗಿಲ್ಲ ಎಂಬುದು ನನ್ನ ಅಚಲ ಸಿದ್ಧಾಂತ. ಎಪ್ಪತ್ತರ ದಶಕದ ಒಂದು ಬೆಳಿಗ್ಗೆ, ಪರೇಲಿನ ಬಟ್ಟೆ ಮಿಲ್ಲಿನಲ್ಲಿ, ಕ್ಷಾರವಿದ್ದರೆ ಬಣ್ಣ ಬದಲಿಸಿ ತೋರಿಸುವ ಸೂಚಕದ ಇದ್ದೊಂದು ಸೀಸೆ ನನ್ನ ಕೈಜಾರಿ ಒಡೆಯುವವರೆಗೆ ಅದು ಅಚಲವಾಗಿಯೇ ಇತ್ತು.

ಕಾಸ್ಟಿಕ್ ಸೋಡಾದಲ್ಲಿ ಮಿಂದ ಬಟ್ಟೆ ತೊಟ್ಟಿಯಲ್ಲಿತ್ತು. ಆಮ್ಲ ಬೆರೆಸಿ ಕ್ಷಾರವನ್ನು ತಟಸ್ಥಗೊಳಿಸದಿದ್ದರೆ ಬಣ್ಣ ಹಾಕುವಾಗ ಕಲೆ ಏಳುತ್ತದೆ. ಆಮ್ಲ ಹೆಚ್ಚಾದರೆ ನೂಲಿನ ಕಸುವೇ ಹೋಗುತ್ತದೆ. ಎರಡಕ್ಕೂ ಹೊಣೆ, ಕೆಮಿಸ್ಟನಾದ ನಾನು.

ತೊಟ್ಟಿ ನೋಡಿಕೊಳ್ಳುತ್ತಿದ್ದ ವಿಜಾಪುರದ ಮಲ್ಲಪ್ಪ ಸೊಂಟದ ಚೀಲದಿಂದ ಮೈಲಾರಲಿಂಗನ ಭಂಡಾರ, ಅಂದರೆ ಅರಿಸಿನಪುಡಿ, ತೆಗೆದು ಒಂದು ಲೋಟ ತೊಟ್ಟಿ ನೀರಿಗೆ ಉದುರಿಸಿದ. ನೀರು ಕೆಂಪಾಯಿತು.

"ಸೋಡಾ ಇನ್ನೂ ಐತ್ರಿ ಸಾಹೇಬ್ರ. ಸಾಬೂನ ಹಚ್ಚಿದ್ರ ನಮ್ಮವ್ವನ ಸೀರಿ ಮ್ಯಾಲಿನ ಭಂಡಾರಾನೂ ಹಿಂಗ ಕೆಂಪ ಆಗತಿತ್ತು. ನಿಮ್ಮ ಕಾಲೇಜಿನ್ಯಾಗ ಹೇಳಿಲ್ಲೇನ್ರಿ?"

ಹೇಳಿದ್ದರು, ನಾನು ಮರೆತಿದ್ದೆ. ತುಸುತುಸುವೇ ಆಮ್ಲ ಬೆರೆಸುತ್ತ, ಪ್ರತಿಸಲವೂ ಹೊಸ ಲೋಟದಲ್ಲಿ ದೇವರ ಅಪ್ಪಣೆ ಕೇಳಿದೆವು. ನಾಲ್ಕನೆಯ ಲೋಟ ಹಳದಿಯಾಗಿಯೇ ಉಳಿಯಿತು. ಮಲ್ಲಪ್ಪ ಮಿಕ್ಕ ಪುಡಿಯನ್ನು ನನ್ನ ಹಣೆಗೆ ಬಳಿದ.

ವರದಿಯಲ್ಲಿ ‘ಬಳಸಿದ ಸೂಚಕ’ ಎಂಬಲ್ಲಿ ಎದೆಯುಬ್ಬಿಸಿ ‘ಮಲ್ಲಪ್ಪನ ಭಂಡಾರ’ ಎಂದು ಬರೆದೆ. ಆ ಬಟ್ಟೆಯಲ್ಲಿ ಒಂದು ಗಜಕ್ಕೂ ಕಲೆ ಬರಲಿಲ್ಲ.