ಹತ್ತಿರ ಬೀಳುವ ಬೆಳಕು

ನನ್ನಿಂದ ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಮಲೆಬೆನ್ನೂರಿನ ಹತ್ತಿರ ಅವರ ಭತ್ತದ ಗದ್ದೆ ಇದೆ. ಹಿಂದೆ ನಾನು ಬಿ.ಎಸ್ಸಿ. ಮುಗಿಸುವುದಿಲ್ಲ ಎಂದವರೂ ಅವರೇ. ತಂದೆಯ ಕಡೆ, ತಾಯಿಯ ಕಡೆ ಎರಡೂ ಸೇರಿ ಮೊದಲ ಪದವಿ ನನ್ನದು. ಇದನ್ನು ಹೇಳುವಾಗ ನಾನು ದನಿ ತಗ್ಗಿಸುವುದಿಲ್ಲ. ಈ ಸಲ ಅವರು ಅನುಮಾನಪಟ್ಟದ್ದು ನನ್ನ ತಲೆಯ ಬಗ್ಗೆ ಅಲ್ಲ, ಮಂಡಿಯ ಬಗ್ಗೆ.

ದಾವಣಗೆರೆಯಲ್ಲಿ ನಾನು ಸೇರಿಕೊಂಡಿರುವ ನಡಿಗೆಯ ಬಳಗ ಪ್ರತಿ ಚಳಿಗಾಲ ಗುಡ್ಡದ ಸೀಮೆಯಿಂದ ಹೊರಟು ಹೊಳೆಗುಂಟ ಹರಿಹರದವರೆಗೆ ನಡೆಯುತ್ತದೆ. ಮಲಗುವುದು ಶಾಲೆಗಳಲ್ಲಿ. ಬಿಸಿಲೇರುವ ಮೊದಲೇ ದೂರ ಸಾಗಬೇಕೆಂದು ಹೊರಡುವುದು ಬೆಳಕು ಹರಿಯುವ ಮುಂಚೆ. ನಿಯಮ ಒಂದೇ, ಅವರವರ ಚೀಲ ಅವರವರ ಬೆನ್ನಿಗೆ. ಹಿಂದೆ ಬರುವ ಟೆಂಪೋದಲ್ಲಿ ಒಮ್ಮೆ ಚೀಲ ಇಟ್ಟರೆ ಜೊತೆಗೆ ನಡೆಯಬಹುದು, ಪ್ರಮಾಣಪತ್ರ ಮಾತ್ರ ಸಿಗುವುದಿಲ್ಲ. ಹಿಂದಿನ ವರ್ಷ ನಾನು ಹೊನ್ನಾಳಿಗೆ ಮುಂಚೆಯೇ ಇಟ್ಟಿದ್ದೆ.

ಆ ಚೀಲದಲ್ಲಿ ಮಾವನ ಟಾರ್ಚು ಇತ್ತು. ನಮ್ಮ ಕಡೆ ಅದಕ್ಕೆ ಬ್ಯಾಟ್ರಿ ಎನ್ನುತ್ತಾರೆ. ಗದ್ದೆಗೆ ನೀರು ಕಟ್ಟಲು ಅವರು ಒಯ್ಯುವ, ಹಿಡಿಕೆ ಇರುವ ದೊಡ್ಡ ಬ್ಯಾಟ್ರಿ. ಪ್ರೀತಿಯಿಂದಲೇ ಕೊಟ್ಟಿದ್ದರು. ಬೆನ್ನಿಗೆ ಅದು ಕಲ್ಲಾಗಿತ್ತು. ಈ ವರ್ಷ ಸೋಪನ್ನು ಅರ್ಧಕ್ಕೆ ಕತ್ತರಿಸಿದೆ, ಎರಡನೆಯ ಜೊತೆ ಚಪ್ಪಲಿ ಬಿಟ್ಟೆ. ಆಮೇಲೆ ಭಾರ ಕಡಿಮೆ ಮಾಡಲು ಉಳಿದದ್ದು ಆ ಬ್ಯಾಟ್ರಿಯೊಂದೇ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಮಾವ ಬಂದಾಗ, ಅದು ಬೇಡ ಎಂದು ವಾಪಸು ಕೊಟ್ಟೆ. ಅವರು ಚಹಾದ ಲೋಟ ಕೆಳಗಿಟ್ಟರು.

"ಬ್ಯಾಟ್ರಿನೇ ಬ್ಯಾಡ ಅಂದ್ರೆ ಹೆಂಗವ್ವ? ಮಂಡಿ ಮೊದ್ಲೇ ಸೋತೈತೆ. ಈ ಸಲಾನೂ ನಿನಗೆ ಟೆಂಪೋನೇ ಗತಿ."

ಪೇಟೆಯಲ್ಲಿ ಸಾಬರ ಅಂಗಡಿಯೊಂದಿದೆ, ಟಾರ್ಚು, ರೇಡಿಯೋ, ಪಂಪಿನ ಸ್ವಿಚ್ಚು ಎಲ್ಲ ಸಿಗುತ್ತದೆ. ಅಲ್ಲಿ ಟಾರ್ಚು ಕೊಳ್ಳಲು ಬರುವ ರೈತರು ಮೊದಲು ಮಾಡುವ ಕೆಲಸ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ರಸ್ತೆಯಾಚೆಯ ನೀರಿನ ಟ್ಯಾಂಕಿಗೆ ಬೆಳಕು ಬಿಡುವುದು. ಟ್ಯಾಂಕು ಮುಟ್ಟಿದರೆ ಒಳ್ಳೆಯದು, ಮುಟ್ಟದಿದ್ದರೆ ಆಟಿಕೆ. ನಾನೂ ಗದ್ದೆಯವರ ಮನೆಯ ಮಗಳೇ. ಸಣ್ಣ ಟಾರ್ಚುಗಳಲ್ಲೆಲ್ಲ ಟ್ಯಾಂಕು ಮುಟ್ಟಿದ್ದನ್ನೇ ಆರಿಸಿದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಯೂ ಬಂದೆ. ಕರಗಿಸಿದರೆ ಮೂಗುತಿಗೂ ಸಾಲದು ಎಂದು ಅವರು ನಕ್ಕರು.

ಹೊಸ ಟಾರ್ಚಿನ ಪರೀಕ್ಷೆಗೆಂದು ಮಾವನ ಊರಿಗೆ ಹೋಗಿ, ಮುಂಜಾನೆ ಚೀಲ ಹೊತ್ತು ಕಾಲುವೆ ಏರಿಯ ಮೇಲೆ ನಡೆದೆ. ಮಾವ ಹಿಂದೆ ಬರುತ್ತಿದ್ದರು. ಬೆಳಕು ದೂರದ ಜಾಲಿ ಗಿಡದ ಮೇಲೆ ತಟ್ಟೆಯಂತೆ ಬಿದ್ದಿತ್ತು, ಅದರ ಮುಳ್ಳು ಸಹ ಎಣಿಸಬಹುದಿತ್ತು. ಕಾಲ ಬುಡ ಮಾತ್ರ ಕತ್ತಲು. ಕಲ್ಲೊಂದನ್ನು ಎಡವಿ ಅದೇ ಮಂಡಿಯ ಮೇಲೆ ಕುಸಿದೆ. ಬೆಳಕನ್ನು ಕೆಳಗೆ ತಿರುಗಿಸಿದರೆ ಕಣ್ಣು ಕುಕ್ಕುವ ಒಂದು ಬಿಳಿ ಚುಕ್ಕೆ, ಅದರ ಸುತ್ತ ಏನೂ ಇಲ್ಲ. ಮಾವ ತಮ್ಮ ಬ್ಯಾಟ್ರಿ ಹಾಕಿ ಮುಂದೆ ನಡೆದರು.

ಗದ್ದೆಯವರಿಗೆ ಬೇಕಾದದ್ದು ದೂರ. ಆ ತುದಿಯ ಬದು ಒಡೆದಿದೆಯೋ, ತೂಬಿನ ಹತ್ತಿರ ಯಾರಿದ್ದಾರೋ ನೋಡಬೇಕು. ನಡೆಯುವವಳಿಗೆ ಬೇಕಾದದ್ದು ಮುಂದಿನ ನಾಲ್ಕು ಹೆಜ್ಜೆ. ಇದು ತಿಳಿದ ಮೇಲೆ ಮತ್ತೆ ಅಂಗಡಿಗೆ ಹೋಗಿ, ಹತ್ತಿರ ಬೆಳಕು ಬೀಳುವಂಥದ್ದು ಇದೆಯೇ ಎಂದು ಕೇಳಿದೆ.

"ಹತ್ರ ಬೀಳೋ ಬ್ಯಾಟ್ರಿ ಕೇಳಿದವ್ರು ನೀವೇ ಮೊದ್ಲು ನೋಡ್ರಿ ಮೇಡಂ," ಎಂದರು ಸಾಬರು. "ಅಂಥಾದ್ದು ಇಟ್ರೆ ನಮ್ ದುಕಾನ್ ಬಂದ್ ಆಗ್ತೈತೆ."

ಹಾಗಾಗಿ ನಾನೇ ಮಾಡಿಕೊಂಡೆ. ನನ್ನ ಕೆಲಸ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ. ಬೆಸುಗೆ ಕಡ್ಡಿ ನನಗೆ ಹೊಸದಲ್ಲ. ಕೆಮ್ಮಿನ ಔಷಧದ ಜೊತೆ ಬರುವ ಮಬ್ಬು ಬಿಳಿಯ ಅಳತೆ ಬಟ್ಟಲು ಆ ಸಣ್ಣ ಟಾರ್ಚಿನ ಬಾಯಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಚುಕ್ಕೆ ಹೋಗಿ ಬೆಳಕು ಚಾಪೆಯಂತೆ ಹರಡಿತು. ಒಳಗಿನ ರೆಸಿಸ್ಟರ್ ತೆಗೆದು ವಿದ್ಯುತ್ತನ್ನು ಹೆಚ್ಚು ತಡೆಯುವಂಥದ್ದನ್ನು ಬೆಸೆದೆ. ಬೆಳಕು ತಗ್ಗಿತು, ಸೆಲ್ಲು ಬಾಳಿಕೆ ಬಂತು, ಬದಲಿ ಸೆಲ್ಲಿನ ಭಾರವೂ ತಪ್ಪಿತು. ಕಬ್ಬಿಣದ ಕ್ಲಿಪ್ಪು ಕಿತ್ತು ಹಳೆಯ ಲಂಗದ ಎಲಾಸ್ಟಿಕ್ ಕಟ್ಟಿದೆ. ಹಣೆಗೆ ಕಟ್ಟಿದರೆ ನೆಲ ಚಪ್ಪಟೆಯಾಗಿ ಕಾಣುತ್ತಿತ್ತು. ಸೊಂಟಕ್ಕೆ ಕಟ್ಟಿದಾಗ ಸಣ್ಣ ಕಲ್ಲಿಗೂ ಉದ್ದ ನೆರಳು ಬಿತ್ತು, ಎಷ್ಟು ಎತ್ತರದ್ದೆಂದು ಕಾಲಿಗೆ ಮೊದಲೇ ಗೊತ್ತಾಯಿತು. ಪದವಿ ಓದಿ ಏನು ಮಾಡಿದೆ ಎಂದು ಕೇಳುವವರಿಗೆ ಇದನ್ನು ಹೇಳಬಹುದು.

ಮಾವ ನೋಡಿ, "ಬ್ಯಾಟ್ರಿಗೆ ಸೆರಗು ಹೊದಿಸಿದೀಯಲ್ಲ," ಎಂದರು.

ನಡಿಗೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚಳಿ, ಹೊಳೆಯ ಮಂಜು, ಶಾಲೆಯ ಉಪ್ಪಿಟ್ಟು. ಹಿಂದಿನ ವರ್ಷ ಚೀಲ ಇಟ್ಟ ಜಾಗದ ಹತ್ತಿರ, ಕಬ್ಬಿನ ಗಾಡಿಗಳು ಉತ್ತಂತೆ ಮಾಡಿದ್ದ ದಾರಿಯಲ್ಲಿ, ಟೆಂಪೋದವನು ನನ್ನನ್ನು ಗುರುತು ಹಿಡಿದು ನಿಧಾನ ಮಾಡಿದ.

"ಮೇಡಂ, ಚೀಲ ಇಲ್ಲೇ ಅಲ್ವೇನ್ರಿ ಇಟ್ಟಿದ್ದು?"

ಮಂಡಿ ನೋಯುತ್ತಿತ್ತು. ಆದರೆ ಅಲ್ಲಿಯವರೆಗೆ ಒಂದು ಹೆಜ್ಜೆಯೂ ತಪ್ಪಿ ಬಿದ್ದಿರಲಿಲ್ಲ. ಮುಂದೆ ಹೋಗಪ್ಪ ಎಂದೆ. ಅವನ ಹೆಡ್‌ಲೈಟು ದೂರವಾದ ಮೇಲೆ ನನ್ನ ಚಾಪೆಯಷ್ಟು ಬೆಳಕು ಮತ್ತೆ ಕಾಣಿಸಿತು. ಅದರೊಳಗೇ ಕಾಲಿಡುತ್ತ ಹೋದೆ.

ಹರಿಹರದಲ್ಲಿ, ಹೊಳೆಯ ಹತ್ತಿರದ ಶಾಲೆಯ ಅಂಗಳದಲ್ಲಿ, ಇಳಿಸಂಜೆ ಪ್ರಮಾಣಪತ್ರ ಕೊಟ್ಟರು. ಚೀಲ ಇಳಿಸದೆಯೇ ತೆಗೆದುಕೊಂಡೆ. ಮಾವ ಬಸ್ಸು ಹತ್ತಿ ಬಂದಿದ್ದರು. ಪತ್ರವನ್ನು ಅವರ ಕೈಗೆ ಕೊಟ್ಟೆ. ಟವೆಲ್ಲಿಗೆ ಕೈ ಒರೆಸಿಕೊಂಡು, ನನ್ನ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದರು. ಆಮೇಲೆ ನನ್ನ ಸೊಂಟದ ಟಾರ್ಚು ಬಿಚ್ಚಿಸಿಕೊಂಡು ಹೊಳೆಯ ಕಡೆ ಹಿಡಿದರು. ಆಚೆ ದಂಡೆ ಹಾಗಿರಲಿ, ಬೆಳಕು ನೀರನ್ನೂ ಮುಟ್ಟಲಿಲ್ಲ. ಅದನ್ನೇ ತಮ್ಮ ಕಾಲ ಬುಡಕ್ಕೆ ತಿರುಗಿಸಿ ಒಂದು ಸುತ್ತು ನಡೆದು ಬಂದರು.

"ಗದ್ದೆಗೆ ಬರಲ್ಲ ಇದು," ಎಂದರು. "ನಡ್ಯಾಕೆ ಆಗ್ತೈತೆ ಬಿಡವ್ವ."