ವೀರಗಲ್ಲಿನ ಹಿಂಬದಿ

ಯುದ್ಧಕಾಲದ ಆ ಚಳಿಗಾಲದಲ್ಲಿ ಕುಂದಾಣದ ಕಡೆಯ ನಮ್ಮ ಹಳ್ಳಿಯಲ್ಲಿ ಇಲಿ ಬಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಯಾರೂ ಯಾರನ್ನೂ ಕೇಳದೆ ಊರು ಖಾಲಿ ಮಾಡಿ, ಸಂಜೆಯೊಳಗೆ ಹೊಲಗಳಲ್ಲಿ ತಡಿಕೆಯ ಗುಡಿಸಲು ಹಾಕಿಕೊಂಡೆವು. ಬೆಳಗಿನ ಮಂಜಿನಲ್ಲಿ ಆ ಗುಡಿಸಲುಗಳು ಅರ್ಧ ಕಾಣುತ್ತಿದ್ದವು, ಅರ್ಧ ಕಾಣುತ್ತಿರಲಿಲ್ಲ. ಆ ದಿನಗಳು ಇವತ್ತಿಗೂ ನನಗೆ ನೆನಪಾಗುವುದು ಹಾಗೆಯೇ.

ನಾನು ಅಲ್ಲಿನ ಶಾಲೆಯ ಮೇಷ್ಟ್ರು. ಇಪ್ಪತ್ತೆರಡು ವಯಸ್ಸು, ಮೀಸೆಗಿಂತ ಮಾತು ದಪ್ಪ. ಹೊಲದ ಬದುವಿನಲ್ಲಿ ಆಳೆತ್ತರದ ಒಂದು ವೀರಗಲ್ಲಿತ್ತು. ಅದರ ಮುಂದೆ ಮಕ್ಕಳನ್ನು ಕೂರಿಸಿ ಚರಿತ್ರೆ ಹೇಳುತ್ತಿದ್ದೆ. ಕೆಳಗೆ ಕತ್ತಿ ಹಿಡಿದ ವೀರ, ಪಕ್ಕದಲ್ಲಿ ಅವನು ಕಳ್ಳರಿಂದ ಬಿಡಿಸಿದ ದನಗಳು, ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. "ವೀರರಿಗೆ ಭಯ ಅನ್ನೋದೇ ಗೊತ್ತಿರಲಿಲ್ಲ" ಎನ್ನುತ್ತಿದ್ದೆ. ಅಲ್ಲಿಂದ ದೇವನಹಳ್ಳಿ ಕೋಟೆಗೆ ಹಾರಿ, ಮುತ್ತಿಗೆಯಲ್ಲಿ ಜಗ್ಗದೆ ನಿಂತವರ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ. ಮಕ್ಕಳ ಹಿಂದೆ ತಾಯಂದಿರೂ ಬಂದು ಕೂರುತ್ತಿದ್ದರು. ಅವರಲ್ಲಿ ಒಬ್ಬಳು ಹೋದ ವಾರವಷ್ಟೇ ಗಂಡನನ್ನು ಮಣ್ಣು ಮಾಡಿದವಳು. ಮಡಿಲಲ್ಲಿ ಎರಡು ವರ್ಷದ ಹೆಣ್ಣುಮಗು. ಅವಳಿಗೆ ಉಳಿದಿದ್ದು ಅದೊಂದೇ.

ಒಂದು ಬೆಳಿಗ್ಗೆ ಸರ್ಕಾರದ ಡಾಕ್ಟರು ಪ್ಲೇಗಿನ ಸೂಜಿಮದ್ದು ತೆಗೆದುಕೊಂಡು ಸೈಕಲ್ಲಿನಲ್ಲಿ ಬಂದರು. ಹುಣಸೆಮರದಡಿ ಸ್ಪಿರಿಟ್ ಸ್ಟೌ ಹಚ್ಚಿ ಸೂಜಿ ಕುದಿಸತೊಡಗಿದರು. ಒಬ್ಬರೂ ಮುಂದೆ ಬರಲಿಲ್ಲ. ಸೂಜಿಯಿಂದಲೇ ಜನ ಸಾಯುತ್ತಾರೆಂಬ ಮಾತು ಊರೆಲ್ಲ ಹಬ್ಬಿತ್ತು. ಕೊನೆಗೆ ಆ ತಾಯಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, "ಮೇಷ್ಟ್ರು ಹಾಕಿಸ್ಕೊಳ್ಲಿ, ನಾನೂ ಮಗೀಗ್ ಹಾಕಿಸ್ತೀನಿ" ಅಂದಳು. ಎಲ್ಲರೂ ನನ್ನನ್ನು ಹುಡುಕಿದರು.

ನಾನು ವೀರಗಲ್ಲಿನ ಹಿಂದೆ ಅಡಗಿ ಕೂತಿದ್ದೆ.

ನಗಬೇಡಿ. ನಾನು ಏಳು ವರ್ಷದವನಿದ್ದಾಗ ಅಪ್ಪ ಸೂಜಿ ಹಾಕಿಸಿಕೊಂಡು ಬಂದ ನಾಲ್ಕನೇ ದಿನ ತೀರಿಕೊಂಡರು. ಅವರಿಗೆ ಮೊದಲೇ ರೋಗ ತಗುಲಿತ್ತೆಂದು ದೊಡ್ಡವನಾದ ಮೇಲೆ ತಿಳಿಯಿತು. ತಿಳಿದದ್ದು ತಲೆಗೆ, ಕಾಲಿಗಲ್ಲ. ಕಲ್ಲು ಬೆನ್ನಿಗೆ ಒತ್ತುತ್ತಿತ್ತು, ತಿರುಗಿ ನೋಡಿದೆ. ಹಿಂಬದಿಗೆ ಉಳಿಯನ್ನೇ ತಾಕಿಸಿರಲಿಲ್ಲ. ಒರಟು ಬಂಡೆ, ಒಣಗಿದ ಪಾಚಿ, ಒಂದು ಸಾಲು ಇರುವೆ. ಇಷ್ಟು ದಿನ ನಾನು ಮುಂಬದಿಯ ಪಾಠವನ್ನಷ್ಟೇ ಮಾಡಿದ್ದೆ. ದನ ಬಿಡಿಸಲು ಹೊರಡುವ ಮುಂಚೆ ಆ ಮನುಷ್ಯ ಎಲ್ಲಿ ಕೂತಿದ್ದ, ಹೆಂಡತಿಗೆ ಏನು ಹೇಳಿದ, ಬಾಗಿಲವರೆಗೆ ಹೋಗಿ ಹಿಂದಿರುಗಿದನೇ, ಅದನ್ನು ಯಾರೂ ಕೆತ್ತಿರಲಿಲ್ಲ. ಅವನ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು. ಎದ್ದು ಹುಣಸೆಮರದಡಿ ಹೋಗಿ ತೋಳು ಚಾಚಿದೆ.

"ಏನ್ ಮೇಷ್ಟ್ರೇ, ಇಷ್ಟೊಂದ್ ನಡುಕ?" ಅಂದರು ಡಾಕ್ಟರು.

"ಭಯ ಆಗ್ತಿದೆ ಸಾರ್" ಎಂದೆ, ಎಲ್ಲರಿಗೂ ಕೇಳುವಂತೆ.

ನಾನು ಸೂಜಿ ಹಾಕಿಸಿಕೊಂಡ ಮಾತ್ರಕ್ಕೆ ಜನ ಸಾಲುಗಟ್ಟಲಿಲ್ಲ, ಆ ತಾಯಿಯೂ ಮುಂದೆ ಬರಲಿಲ್ಲ. "ನಾಳೆ ಮೇಷ್ಟ್ರು ಎದ್ದು ಓಡಾಡ್ಲಿ, ಆಮೇಲ್ ನೋಡಾಣ" ಎಂದರು. ಡಾಕ್ಟರು ನಾಳೆ ಬರುತ್ತೇನೆಂದು ಪಕ್ಕದ ಊರಿಗೆ ಹೊರಟರು. ನಾನು ಗುಡಿಸಲಲ್ಲಿ ಮಲಗಿದೆ.

ಮಧ್ಯಾಹ್ನ ಜ್ವರ ಏರಿತು. ತಡಿಕೆಯ ಸಂದಿಯಿಂದ ಬಿದ್ದ ಬಿಸಿಲು ಚಾಪೆಯ ಮೇಲೆ ತೇಲಾಡುತ್ತಿತ್ತು. ನಾನು ಕಥೆ ಹೇಳುತ್ತಿದ್ದ ಕೋಟೆಯವರು ಬಂದರು. ಕತ್ತಿಗಳನ್ನು ಚಪ್ಪಲಿ ಬಿಡುವಂತೆ ಬಾಗಿಲ ಹೊರಗೆ ಬಿಟ್ಟು, ನನ್ನ ಸುತ್ತ ಕೂತರು. ಯಾರೂ ಯುದ್ಧದ ಮಾತೆತ್ತಲಿಲ್ಲ. ಒಬ್ಬ ನೀರು ಕೇಳಿದ. ಇನ್ನೊಬ್ಬ ತನ್ನ ಹೊಲದ ಅವರೆ ಹೂ ಬಿಟ್ಟಿತೇ ಎಂದು ವಿಚಾರಿಸಿದ. ಕೊನೆಗೆ ಅಪ್ಪನೂ ಬಂದು, ನನ್ನ ಊದಿದ ತೋಳು ಮುಟ್ಟಿ, "ನೋವಾ ಮಗ?" ಎಂದರು. ನಾನು ಗಟ್ಟಿಯಾಗಿ ಅತ್ತುಬಿಟ್ಟೆನಂತೆ. ಹೊರಗೆ ಬಳೆಗಳ ಸದ್ದಾಗುತ್ತಿತ್ತು. ಊರಿನ ಹೆಂಗಸರೆಲ್ಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತು, ಮೇಷ್ಟ್ರು ಉಳಿಯುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದರು.

ಮರುದಿನ ಬೆಳಕು ಹರಿದಾಗ ಜ್ವರ ಬಿಟ್ಟಿತ್ತು. ಒಂದು ಚೊಂಬು ಅಂಬಲಿ ಕುಡಿದು, ಮಂಜಿನಲ್ಲಿ ತೂರಾಡುತ್ತ ಬಾವಿಯವರೆಗೆ ನಡೆದೆ. ನನ್ನ ಹಿಂದೆ ಒಂದೊಂದೇ ಗುಡಿಸಲಿನ ಬಾಗಿಲು ತೆರೆಯಿತು. ಡಾಕ್ಟರು ಬಂದು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಮೊದಲು ಬಂದು ನಿಂತವಳು ಆ ತಾಯಿಯೇ. ಸೂಜಿ ಕಂಡದ್ದೇ ಅವಳ ಮುಖ ಬಿಳಿಚಿತು. ಮಗುವನ್ನು ನನ್ನ ಕಡೆ ಚಾಚಿದಳು.

"ನೀವ್ ಎತ್ಕೊಳಿ ಮೇಷ್ಟ್ರೇ, ನನ್ ಕೈ ನಡುಗ್ತಾ ಅವೆ."

"ನನ್ನವೂ ನಡುಗ್ತಾ ಇವೆ ಕಣಮ್ಮ" ಎಂದೆ.

ಇಬ್ಬರೂ ಸೇರಿ ಹಿಡಿದುಕೊಂಡೆವು.